ಮೊಳಕೈಯ ಮೂರು ಚುಕ್ಕಿ

ಅವರ ಬಲಗೈಯ ತೋರುಬೆರಳು, ನಡುಬೆರಳು ಯಾವ ಕಾಲದಲ್ಲೂ ತಣ್ಣಗಿರುತ್ತಿದ್ದವು. ನಮ್ಮ ಕಡೆಯ ಬೇಸಿಗೆಯಲ್ಲಿ ನೆರಳಲ್ಲಿಟ್ಟ ಕೊಡವೂ ಕಾದುಹೋಗುತ್ತದೆ. ಆ ಎರಡು ಬೆರಳು ಮಾತ್ರ ಈಗಷ್ಟೇ ಬಾವಿಯ ನೀರಿನಿಂದ ತೆಗೆದಂತೆ ಇರುತ್ತಿದ್ದವು. ಉಗುರು ಮಾಂಸದವರೆಗೆ ಕತ್ತರಿಸಿರುತ್ತಿತ್ತು. ಹತ್ತಿರ ಬಂದರೆ ಸ್ಪಿರಿಟ್ಟಿನ ವಾಸನೆ. ಆ ಬೆರಳುಗಳನ್ನು ನಮ್ಮ ಮೊಳಕೈಯ ಒಳಮಡಿಕೆಯಲ್ಲಿಟ್ಟು, ಕಣ್ಣು ಮುಚ್ಚಿ, ಬಾಯಲ್ಲಿದ್ದ ಲವಂಗ ಜಗಿಯುವುದನ್ನೂ ನಿಲ್ಲಿಸಿ ಅವರು ಕಾಯುತ್ತಿದ್ದರು. ಜ್ವರ ಬಂದ ಮಕ್ಕಳು ಅಳು ಮರೆತು ಅವರ ಮುಖ ನೋಡತೊಡಗುವಷ್ಟು ಹೊತ್ತು ಕಾಯುತ್ತಿದ್ದರು. ರಬ್ಬರಿನ ಪಟ್ಟಿ, ಸೂಜಿ ಎಲ್ಲ ಆಮೇಲೆ.

ಕನಕಗಿರಿ ಸೀಮೆಯ ನಮ್ಮೂರಿನ ಸಣ್ಣ ಸರ್ಕಾರಿ ಆಸ್ಪತ್ರೆಯಲ್ಲಿ ಅವರು ಇಪ್ಪತ್ತು ವರ್ಷಕ್ಕೂ ಮೇಲೆ ನರ್ಸಾಗಿದ್ದರು. ಊರಿನ ಬಾಯಲ್ಲಿ ನರ್ಸಬಾಯಿ, ಎದುರಿಗೆ ಬಾಯಾರು. ಮದುವೆಯಾಗಿರಲಿಲ್ಲ. ಆಸ್ಪತ್ರೆಯ ಹಿಂದಿನ ಒಂದು ಕೋಣೆಯ ಮನೆಯಲ್ಲಿ ಇರುತ್ತಿದ್ದರು. ಗಂಗಾವತಿಯಲ್ಲಿ ಒಬ್ಬ ತಂಗಿ ಇದ್ದರು, ಅಷ್ಟೇ ಬಳಗ. ಸಂತೆಗೆ ಹೋದರೆ ಬದನೆಕಾಯಿ ತೂಗುವವಳ ಕೈಯನ್ನೂ ಹಿಡಿದು ಮೊಳಕೈ ಮುಟ್ಟಿ ನೋಡಿಬಿಡುತ್ತಿದ್ದರು. “ಬಾಯಾರ, ಬದನೀಕಾಯಿ ಹಿಚುಕಿ ನೋಡ್ರಿ, ನನ್ನ ಕೈ ಯಾಕ ಹಿಚುಕ್ತೀರಿ?” ಎಂದು ಆಕೆ ನಗುತ್ತಿದ್ದಳು. ಸುತ್ತಲಿನವರೂ ನಗುತ್ತಿದ್ದರು. ಬಾಯಾರು ನಗುತ್ತಿರಲಿಲ್ಲ.

“ಒಬ್ಬೊಬ್ಬರ ಕೈ ಒಂದೊಂದು ನಮೂನಿ ಇರ್ತೈತವ್ವ. ಪುಸ್ತಕದಾಗಿನ ಕೈ ಬ್ಯಾರೆ, ಮುಂದ ಕುಂತವರ ಕೈ ಬ್ಯಾರೆ” ಅನ್ನುತ್ತಿದ್ದರು.

ಊರವರು ಇದನ್ನು ಒಂದು ಚಟ ಎಂದುಕೊಂಡಿದ್ದರು. ಆ ಚಟ ಅವರಿಗೆ ಅಂಟಿದ್ದು ನಮ್ಮವ್ವನ ಕೈಯಿಂದ.

ನಾನು ಆಗ ಐದನೆಯ ತರಗತಿ. ಅಪ್ಪ ಪಂಚಾಯ್ತಿಯಲ್ಲಿ ಊರಿಗೆ ನೀರು ಬಿಡುವ ಕೆಲಸದಲ್ಲಿದ್ದ. ಅವ್ವ ಬೀಜದ ಹೊಲಗಳಲ್ಲಿ ಹತ್ತಿ ಹೂವಿನ ಕ್ರಾಸಿಂಗ್ ಮಾಡಲು ಹೋಗುತ್ತಿದ್ದಳು. ಸಂಜೆ ಮೊಗ್ಗು ಬಿಡಿಸಿ ಗಂಡುಕೇಸರ ಕಿತ್ತು ಹಾಕಬೇಕು, ಮರುದಿನ ಬೆಳಿಗ್ಗೆ ಬೇರೆ ತಳಿಯ ಹೂ ತಂದು ಸವರಬೇಕು. ಒಳಗಿನ ಎಳೆಗೆ ಉಗುರು ತಾಗಿದರೆ ಆ ಹೂ ದಂಡ. ಕೈ ಹಗುರ ಇರುವ ಹೆಂಗಸರನ್ನೇ ಹುಡುಕಿ ಕರೆಯುತ್ತಿದ್ದರು, ನಮ್ಮವ್ವನನ್ನು ಮೊದಲು ಕರೆಯುತ್ತಿದ್ದರು. ಅವಳಿಗೆ ಅದರ ಜಂಬವೂ ಇತ್ತು. ಅವಳ ಎರಡೂ ಕೈಗೆ ಮಣಿಕಟ್ಟಿನಿಂದ ಮೊಳಕೈ ದಾಟುವವರೆಗೆ ಹಚ್ಚೆ ಇತ್ತು, ಚರ್ಮ ಕಾಣದಷ್ಟು ಒತ್ತಾಗಿ, ಹಸಿರಾಗಿ.

ಹತ್ತಿ ಹೂ ಬಿಡುವ ಕಾಲದಲ್ಲೇ ಅವಳಿಗೆ ವಾಂತಿಭೇದಿ ಹಿಡಿಯಿತು. ಹೊಲದಿಂದ ನೇರ ಆಸ್ಪತ್ರೆಗೆ ತಂದು ಮಲಗಿಸಿದರು. ಡಾಕ್ಟರು ಆ ದಿನ ರಜೆಯಲ್ಲಿದ್ದರು. ನಾನು ಸಾಲೆ ಬಿಟ್ಟವಳು ಪಾಟಿಚೀಲದ ಜೊತೆಗೇ ಓಡಿ ಹೋಗಿ ಬಾಗಿಲಲ್ಲಿ ನಿಂತಿದ್ದೆ. ಬಾಯಾರು ಅವ್ವನ ಬಲಗೈಗೆ ರಬ್ಬರ್ ಬಿಗಿದರು. ಹಚ್ಚೆಯ ಕೆಳಗೆ ನರ ಕಾಣುತ್ತಿರಲಿಲ್ಲ, ಬೆರಳಿನಿಂದ ತಡವಿದರು. “ಸಿಕ್ತು, ಭಾಳ ಛಲೋ ಐತಿ” ಅಂದರು. ಬಾಯಾರು ಒಂದೇ ಚುಚ್ಚಿಗೆ ನರ ಹಿಡಿಯುತ್ತಾರೆಂದು ಸುತ್ತ ನಾಲ್ಕು ಊರಲ್ಲಿ ಹೆಸರಿತ್ತು. ವಾಂತಿ ನಿಲ್ಲಿಸುವ ಇಂಜೆಕ್ಷನ್ ಕೊಡತೊಡಗಿದರು.

ಅವ್ವ ಕಿರುಚಿದಳು. ನನ್ನ ತಮ್ಮ ಹುಟ್ಟಿದಾಗ ಅವಳು ಕೂಗಿದ್ದನ್ನು ಕೇಳಿದ್ದೆ, ಇದು ಹಾಗಿರಲಿಲ್ಲ. “ಕೈಯಾಗ ಬೆಂಕಿ ಹೊಕ್ಕೈತಿ, ತಗೀರಿ” ಅಂದಳು. ಬಾಯಾರು ಸೂಜಿ ಎಳೆದರು. ನೋಡನೋಡುತ್ತಿದ್ದಂತೆ ಅವಳ ಬೆರಳುಗಳು ಸುಣ್ಣದಂತೆ ಬಿಳಿಚಿಕೊಂಡವು, ಆಮೇಲೆ ಅಲ್ಲಲ್ಲಿ ನೇರಳೆ ಕಲೆ ಎದ್ದಿತು. ಯಾರದೋ ಜೀಪು ತಂದು ಗಂಗಾವತಿಗೆ, ಅಲ್ಲಿಂದ ಹುಬ್ಬಳ್ಳಿಗೆ ಕರೆದೊಯ್ದರು. ದಾರಿಯುದ್ದಕ್ಕೂ ಬಾಯಾರು ಅವಳ ಕೈಯನ್ನು ಎತ್ತಿ ಹಿಡಿದು ಕೂತಿದ್ದರಂತೆ. ಎರಡು ವಾರ ಹುಬ್ಬಳ್ಳಿಯವರು ಹೆಣಗಿದರು. ಕಿರುಬೆರಳು, ಉಂಗುರದ ಬೆರಳು, ನಡುಬೆರಳು ಕಪ್ಪಾಗಿ ಒಣಗಿದವು. ಮೂರನ್ನೂ ಬುಡದಿಂದ ತೆಗೆದರು.

ಅವ್ವ ಮನೆಗೆ ಬಂದಾಗ ಊರಲ್ಲಿ ತಲೆಗೊಂದು ಮಾತು ನಡೆದಿತ್ತು. ಔಷಧಿ ಹಳೆಯದಿತ್ತು, ಅವಳ ಮೈಗೆ ಅದು ಆಗಿಬರಲಿಲ್ಲ, ಯಾರೋ ಮಾಟ ಮಾಡಿಸಿದ್ದಾರೆ. ಬಾಯಾರು ಬಾಯಿ ಬಿಡದಿದ್ದರೆ ನಿಜ ಯಾರಿಗೂ ತಿಳಿಯುತ್ತಿರಲಿಲ್ಲ. ಅದೇ ವಾರ ಅವರು ನಮ್ಮ ಮನೆಗೆ ಬಂದು, ಅಂಗಳದಲ್ಲಿ ಕೂತಿದ್ದ ಅಪ್ಪನ ಎದುರು, ಓಣಿಯ ಜನರೆಲ್ಲ ಕೇಳುವಂತೆ ನಿಂತೇ ಹೇಳಿದರು.

“ಔಷಧಿ ಛಲೋನ ಇತ್ರಿ. ಯಾರದೂ ಮಾಟ ಇಲ್ಲ. ತಪ್ಪು ನಂದು. ಗುಂಡಿಗಿಯಿಂದ ರಕ್ತ ತರೋ ನಾಳ ಎಲ್ಲರಿಗೂ ಆಳದಾಗ ಇರ್ತೈತಿ. ಯಾರರೊಬ್ಬರಿಗೆ ಹುಟ್ಟಿನಿಂದನ ಅದು ಮ್ಯಾಲ, ತೊಗಲಿನ ಕೆಳಗ, ನರದ ಜಾಗಾದಾಗ ಇರ್ತೈತಿ ಅಂತ. ನಿಮ್ಮ ಮನ್ಯಾಕಿಗೆ ಹಂಗ ಐತಿ. ಹುಬ್ಬಳ್ಳಿ ಡಾಕ್ಟರ್ ಹೇಳಿದ್ರು. ನರ ಅಂತ ತಿಳಿದು ಅದಕ್ಕ ಔಷಧಿ ಕೊಟ್ಟೆ. ಅದು ಸೀದಾ ಬೆರಳಿಗೆ ಹೋಗಿ ಸುಟ್ಟಿತು.”

ಅಪ್ಪ ತಲೆಯೆತ್ತಲಿಲ್ಲ. ಅವರು ಅಲ್ಲಿಗೆ ನಿಲ್ಲಿಸಬಹುದಿತ್ತು.

“ಮೊದಲ ಮುಟ್ಟಿದ್ರ ಬಡಿತ ಗೊತ್ತಾಗ್ತಿತ್ತು. ನಾನು ಕಟ್ಟಿದ ಮ್ಯಾಲ ಮುಟ್ಟಿದೆ. ಬಿಗಿದು ಕಟ್ಟಿದ ಮ್ಯಾಲ ಬಡಿತ ಸಿಗಂಗಿಲ್ರಿ. ಸೂಜಿ ಹೋದ ಕೂಡ್ಲೇ ರಕ್ತ ತಾನ ಏರಿ ಬಂತು, ಕೆಂಪಗ. ಕಂಡೆ. ಕಂಡೂ ಅರ್ಧ ತಳ್ಳಿದೆ. ಒಂದ ಸಲಕ್ಕ ನರ ಹಿಡಿಯಾಕಿ ಅಂತ ಹೆಸರಿತ್ತಲ್ರಿ ನನಗ.”

ಅಪ್ಪ ಎದ್ದು, ವಾಲ್ವ್ ತಿರುಗಿಸುವ ಕಬ್ಬಿಣದ ಕೀಲಿ ತೆಗೆದುಕೊಂಡು, ನೀರು ಬಿಡುವ ಹೊತ್ತಲ್ಲದಿದ್ದರೂ ಹೊರಗೆ ಹೋದ. ಅವ್ವ ಒಳಗೆ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಅವಳಿಗೆ ಪ್ರತಿ ಮಾತೂ ಕೇಳಿಸಿತ್ತು.

ಬಾಯಾರು ಮೇಲಿನವರಿಗೂ ಇದನ್ನೇ ಬರೆದುಕೊಟ್ಟರೆಂದು ಆಮೇಲೆ ತಿಳಿಯಿತು. ಅದರಿಂದ ಏನಾಯಿತೋ ನನಗೆ ಗೊತ್ತಿಲ್ಲ. ಅವರು ನಮ್ಮೂರಲ್ಲೇ ಉಳಿದರು, ದಿನಾ ಸಂಜೆ ಡ್ರೆಸ್ಸಿಂಗ್ ಮಾಡಲು ನಮ್ಮ ಮನೆಗೆ ಬಂದರು. ಅವ್ವ ಕೈ ಕೊಡುತ್ತಿದ್ದಳು. ಮುಖ ಕೊಡುತ್ತಿರಲಿಲ್ಲ. ಹತ್ತಿ ಅಂಟಿಕೊಂಡದ್ದನ್ನು ಬಿಡಿಸುವಾಗ ಅವಳ ಕತ್ತಿನ ನರ ಉಬ್ಬುತ್ತಿತ್ತು, ಆದರೂ ಹಾ ಎನ್ನುತ್ತಿರಲಿಲ್ಲ. ಎಲ್ಲ ಮುಗಿಸಿ ಬಾಯಾರು “ಬರ್ತೀನಿ ತಂಗೀ” ಎನ್ನುತ್ತಿದ್ದರು. ಅವ್ವ ಗೋಡೆಯ ಕಡೆ ಹೊರಳುತ್ತಿದ್ದಳು. ಗಾಯ ಮಾಯಿತು, ಡ್ರೆಸ್ಸಿಂಗ್ ನಿಂತಿತು, ಅವ್ವನ ಮೌನ ನಿಲ್ಲಲಿಲ್ಲ. ಅವಳು ಬಾಯಾರನ್ನು ಬೈಯಲಿಲ್ಲ, ಶಾಪ ಹಾಕಲಿಲ್ಲ, ಯಾರ ಮುಂದೂ ದೂರಲಿಲ್ಲ. ದಾರಿಯಲ್ಲಿ ಎದುರಾದರೆ ಗೋಡೆಯನ್ನು ದಾಟಿದಂತೆ ದಾಟಿ ಹೋಗುತ್ತಿದ್ದಳು. ಕ್ರಾಸಿಂಗಿಗೆ ಅವಳನ್ನು ಮತ್ತೆ ಯಾರೂ ಕರೆಯಲಿಲ್ಲ. ಹೂ ಬಿಡುವ ಕಾಲದಲ್ಲಿ ಉಳಿದ ಹೆಂಗಸರು ಓಣಿಯಲ್ಲಿ ಗುಂಪಾಗಿ ಹೋಗುವಾಗ ಅವಳು ಕದ ಮುಂದೆ ಮಾಡಿಕೊಂಡು ಕೂರುತ್ತಿದ್ದಳು.

ಒಂದೇ ಒಂದು ಸಲ ಅವಳು ಗೋಡೆಯಿಂದ ಈಚೆಗೆ ತಿರುಗಿದ್ದಳು. ಡ್ರೆಸ್ಸಿಂಗಿನ ಕೊನೆಯ ದಿನಗಳಲ್ಲಿ ಒಮ್ಮೆ ಬಾಯಾರು ನನ್ನನ್ನು ಹತ್ತಿರ ಕರೆದು ಬಲಗೈ ಹಿಡಿದರು. ಎರಡು ಬೆರಳನ್ನು ಮೊಳಕೈಯ ಒಳಗೆ ಇಟ್ಟು ಕಣ್ಣು ಮುಚ್ಚಿದರು. ಕಣ್ಣು ತೆರೆದಾಗ ಅವರ ಮುಖದಲ್ಲಿ ರಕ್ತವಿರಲಿಲ್ಲ.

“ಇಕಿಗೂ ಐತಿ” ಅಂದರು.

ಅವ್ವ ತಿರುಗಿ ನೋಡಿದಳು. ನನ್ನ ಕೈಯನ್ನೂ ನೋಡಿದಳು, ಅವರ ಮುಖವನ್ನೂ ನೋಡಿದಳು. ತಾಯಿಗಿದ್ದರೆ ಮಗಳಿಗೆ ಇರಲೇಬೇಕೆಂದಿಲ್ಲ ಎಂದು ಈಗ ನನಗೆ ಗೊತ್ತು. ನನಗೆ ಇತ್ತು. ಬೆರಳಿಟ್ಟರೆ ಸಾಕು, ತೊಗಲಿನ ಕೆಳಗೇ ಟಕಟಕ ಬಡಿಯುತ್ತಿತ್ತು. ನಾನು ಅದನ್ನು ಎಲ್ಲರ ಕೈಯಲ್ಲೂ ಇರುವುದು ಎಂದುಕೊಂಡು ಆಡುತ್ತಿದ್ದೆ.

ಬಾಯಾರು ಚೀಟಿ ಬರೆದುಕೊಡಲಿಲ್ಲ. “ಚೀಟಿ ಕಳೀತೈತಿ. ಎಚ್ಚರ ತಪ್ಪಿ ಬಿದ್ದರ ಬಾಯಿ ಇರಂಗಿಲ್ಲ” ಎಂದರು. ಮುಂದಿನ ಸಂತೆಯ ದಿನ ಕನಕಗಿರಿಯಿಂದ ಹಚ್ಚೆ ಹಾಕುವ ಅಜ್ಜಿಯನ್ನು ಕರೆತಂದರು. ಅಜ್ಜಿಯ ಸೂಜಿಗಳನ್ನು ಕಸಿದುಕೊಂಡು ಆಸ್ಪತ್ರೆಯ ಪಾತ್ರೆಯಲ್ಲಿ ಕುದಿಸಲು ಇಟ್ಟರು. ಅಜ್ಜಿಗೆ ಸಿಟ್ಟು ಬಂತು. “ನಾಕು ಊರಿನ ಹೆಣಮಕ್ಕಳಿಗೆ ಚುಚ್ಚೀನಿ. ನನ್ನ ಸೂಜಿಗೆ ಏನು ರೋಗ ಬಂದೈತಿ? ನೀವು ನಿಮ್ಮ ಸೂಜಿ ನೋಡ್ಕೋರಿ” ಅಂದಳು. ಆಕೆಗೆ ನಡೆದದ್ದು ಗೊತ್ತಿತ್ತೋ ಇಲ್ಲವೋ. ಬಾಯಾರು “ಹೌದವ್ವ, ನನ್ನ ಸೂಜಿಗೇ ಐತಿ ರೋಗ” ಎಂದು ಕುದಿಯುವ ನೀರನ್ನೇ ನೋಡುತ್ತ ನಿಂತರು.

ಅವ್ವ ನನ್ನನ್ನು ಮಡಿಲಲ್ಲಿ ಕೂರಿಸಿಕೊಂಡು, ಉಳಿದ ಎರಡು ಬೆರಳಿನಿಂದ ನನ್ನ ಮಣಿಕಟ್ಟು ಒತ್ತಿ ಹಿಡಿದಳು. ಬಾಯಾರು ಪೆನ್ನಿನಿಂದ ಗುರುತು ಮಾಡಿದರು. ಬಡಿಯುವ ನಾಳ ಎಲ್ಲಿ ಹೋಗುತ್ತದೋ ಅದರ ಮೇಲೇ ಮೂರು ಹಸಿರು ಚುಕ್ಕಿ, ತೊಗಲಿನ ಮೇಲ್ಮೇಲೆ. ಆ ಹೊತ್ತು ಎರಡು ಹೆಂಗಸರ ತಲೆ ಒಂದಕ್ಕೊಂದು ತಾಗುವಷ್ಟು ಹತ್ತಿರ ಇತ್ತು. ಅವ್ವ ಆಗಲೂ ಮಾತಾಡಲಿಲ್ಲ.

ನಾನು ಬಾಯಾರನ್ನು ದ್ವೇಷಿಸಬೇಕಿತ್ತು. ಆಗಲಿಲ್ಲ. ಮೂರು ಚುಕ್ಕಿಯ ನೆಪ ಮಾಡಿಕೊಂಡು ಆಸ್ಪತ್ರೆಗೆ ಹೋಗಿ ಕೂರುತ್ತಿದ್ದೆ. ಅವರು ರೋಗಿಗಳ ಕೈ ಮುಟ್ಟುವುದನ್ನು ನೋಡುತ್ತ ನೋಡುತ್ತ ನನಗೂ ಬೆರಳು ಪಳಗಿತು. ಹತ್ತನೆಯ ತರಗತಿ ಆದಮೇಲೆ ಲ್ಯಾಬ್ ಟೆಕ್ನಿಷಿಯನ್ ಕೋರ್ಸಿಗೆ ಅರ್ಜಿ ತಂದುಕೊಟ್ಟವರು ಅವರೇ. ಕಲಿಸಿದ ಪಾಠ ಒಂದೇ: “ಮೊದಲ ಮುಟ್ಟು, ಆಮ್ಯಾಲ ಕಟ್ಟು.” ದಿನಕ್ಕೆ ಎಷ್ಟು ಸಲ ಅನ್ನುತ್ತಿದ್ದರೋ. ಹೊಸದಾಗಿ ಬಂದ ನರ್ಸ್ ಹುಡುಗಿಯರು ಬೆನ್ನ ಹಿಂದೆ ಅವರನ್ನು ಅಣಕಿಸುತ್ತಿದ್ದರು. ಅವ್ವ ನನ್ನ ಓದಿಗೆ ಬೇಡ ಅನ್ನಲಿಲ್ಲ. ಬಾಯಾರ ಹೆಸರು ಬಂದರೆ ಮಾತ್ರ ಎದ್ದು ಒಲೆಯ ಹತ್ತಿರ ಹೋಗುತ್ತಿದ್ದಳು. ನನಗೆ ಅವಳ ಮೇಲೆ ಸಿಟ್ಟು ಬರುತ್ತಿತ್ತು. ಬೆರಳು ಕಳಕೊಂಡವಳ ಮೇಲೆ ಸಿಟ್ಟಾಗುವ ಹಕ್ಕು ನನಗೆಲ್ಲಿದೆ ಎಂದು ಆ ಸಿಟ್ಟನ್ನೂ ನುಂಗುತ್ತಿದ್ದೆ.

ನಾನು ಕೊಪ್ಪಳದ ಒಂದು ಲ್ಯಾಬಿನಲ್ಲಿ ಕೆಲಸಕ್ಕೆ ಸೇರಿದೆ, ಮದುವೆಯೂ ಆಯಿತು. ಬಾಯಾರು ನಿವೃತ್ತರಾಗಿ ಗಂಗಾವತಿಯಲ್ಲಿ ತಂಗಿಯ ಮನೆ ಸೇರಿದರು. ಎದೆಯ ತೊಂದರೆ ಶುರುವಾಗಿತ್ತು, ನಾಲ್ಕು ಹೆಜ್ಜೆಗೆ ಏದುಸಿರು. ಆದರೂ ಪ್ರತಿ ಭಾನುವಾರ ಫೋನ್ ಮಾಡುತ್ತಿದ್ದರು. ಎಷ್ಟು ಜನರ ರಕ್ತ ತೆಗೆದೆ, ಯಾರದಾದರೂ ಕೈ ಬೇರೆ ನಮೂನೆ ಇತ್ತೇ ಎಂದೆಲ್ಲ ಕೇಳಿ, ಕೊನೆಗೆ ದನಿ ತಗ್ಗಿಸಿ “ನಿಮ್ಮವ್ವ ಹೆಂಗದಾಳ? ಏನರ ಅಂದಳೇನು?” ಎನ್ನುತ್ತಿದ್ದರು. ಒಂದೇ ಒಂದು ಮಾತಿಗೆ ಅವರು ಕಾಯುತ್ತಿದ್ದಾರೆಂದು ನನಗೆ ಗೊತ್ತಿತ್ತು. ಅದು ಬೈಗುಳವಾಗಿದ್ದರೂ ಅವರಿಗೆ ಸಾಕಿತ್ತು. “ಆರಾಮ ಅದಾಳ್ರಿ” ಎಂದು ನಾನು ಫೋನ್ ಇಡುತ್ತಿದ್ದೆ.

ನನ್ನ ಹೆರಿಗೆಯ ದಿನ ತುಂಬುವ ಮೊದಲೇ ಬಿಪಿ ಏರಿ ಫಿಟ್ಸ್ ಬಂತು. ಕೊಪ್ಪಳದ ಆಸ್ಪತ್ರೆಗೆ ಹಾಕಿದಾಗ ನನಗೆ ಎಚ್ಚರವಿರಲಿಲ್ಲ. ಮುಂದಿನದನ್ನು ನನಗೆ ಹೇಳಿದ್ದು ಅಲ್ಲಿದ್ದ ಸಣ್ಣ ವಯಸ್ಸಿನ ಸಿಸ್ಟರ್. ಆಕೆ ಅವಸರದಲ್ಲಿ ನನ್ನ ಬಲಗೈಗೆ ರಬ್ಬರ್ ಸುತ್ತುತ್ತಿದ್ದಳಂತೆ. ಹೊರಗೆ ಕಾಯಲು ಹೇಳಿದ್ದ ಮುದುಕಿಯೊಬ್ಬಳು ಬಾಗಿಲು ತಳ್ಳಿಕೊಂಡು ಒಳಗೆ ಬಂದು, ಎರಡೇ ಬೆರಳಿನ ಕೈಯನ್ನು ಆಕೆಯ ಕೈಗೂ ನನ್ನ ಕೈಗೂ ನಡುವೆ ಇಟ್ಟಳಂತೆ.

“ಕಟ್ಟಬ್ಯಾಡ್ರಿ. ಮೊದಲ ಮುಟ್ರಿ, ಆಮ್ಯಾಲ ಕಟ್ರಿ. ಆ ಮೂರು ಚುಕ್ಕಿ ನೋಡ್ರಿ. ಅಲ್ಲಿ ಚುಚ್ಚಿದ್ರ ಹಿಂಗ ಆಗ್ತೈತಿ.”

ಸಿಸ್ಟರ್ ರಬ್ಬರ್ ಬಿಚ್ಚಿ ಮುಟ್ಟಿದಳು. ಚುಕ್ಕಿಯ ಕೆಳಗೆ ಬಡಿಯುತ್ತಿತ್ತು. ಆಕೆ ಎಡಗೈಗೆ ಹೋದಳು. ನಾನು ಉಳಿದೆ, ಮಗಳು ಉಳಿದಳು, ನನ್ನ ಐದು ಬೆರಳೂ ಉಳಿದವು.

ಎಚ್ಚರವಾದ ಮೇಲೆ ಅವ್ವನನ್ನು ಕೇಳಿದೆ. “ಅದು ಬಾಯಾರ ಮಾತಲ್ಲೇನವ್ವ?”

“ಹೌದು” ಅಂದಳು. ಬಹಳ ಹೊತ್ತು ಮಗುವಿನ ಮುಖ ನೋಡಿದಳು. “ಆಕಿಗೆ ನೀ ಹೇಳಬ್ಯಾಡ. ನಾನ ಹೋಗಿ ಹೇಳ್ತೀನಿ.”

ಹೋಗಲು ಅವಳಿಗೆ ಮೂರು ತಿಂಗಳಾದರೂ ಸಾಲಲಿಲ್ಲ. ಬರೀ ಮಾತು ಹೊತ್ತುಕೊಂಡು ಹೋಗುವುದು ಹೇಗೆ ಎಂದು ಹಳೆ ಸೀರೆಗಳನ್ನು ಕೂಡಿಸಿ ಒಂದು ಕೌದಿ ಹೊಲಿಯತೊಡಗಿದ್ದಳು. ಹೆಬ್ಬೆರಳು, ತೋರುಬೆರಳಿನ ನಡುವೆ ಸೂಜಿ ಹಿಡಿದು ದಿನಕ್ಕೆ ಒಂದು ಗೇಣು. ತವರಿನಲ್ಲಿ ಬಾಣಂತನಕ್ಕೆ ಕೂತಿದ್ದ ನಾನು “ಅರ್ಧ ಆದ್ರೂ ಸಾಕವ್ವ, ಹೋಗೂಣು” ಎಂದರೆ “ಹರಕು ಒಯ್ಯೂದೇನು?” ಎನ್ನುತ್ತಿದ್ದಳು.

ಆಸ್ಪತ್ರೆಯಿಂದ ತವರಿಗೆ ಬಂದ ಮೊದಲ ಭಾನುವಾರವೇ ಬಾಯಾರು ಫೋನಿನಲ್ಲಿ ಕೇಳಿದ್ದರು. ದನಿಯಲ್ಲಿ ಉಸಿರು ಸಾಲುತ್ತಿರಲಿಲ್ಲ.

“ಯಾವ ಕೈಗೆ ಚುಚ್ಚಿದ್ರು?”

“ಎಡಗೈಗ್ರಿ.”

“ಚುಕ್ಕಿ ನೋಡಿದ್ರೇನು?”

“ನೋಡಿದ್ರಿ.”

“ತಾವ ನೋಡಿದ್ರೋ, ಯಾರರ ಹೇಳಿದ್ರೋ?”

ಅವ್ವ ಬಾಗಿಲಲ್ಲಿ ಕೂತು ಸೂಜಿಗೆ ದಾರ ಪೋಣಿಸುತ್ತಿದ್ದಳು. ನನ್ನನ್ನೇ ನೋಡುತ್ತಿದ್ದಳು.

“ತಾವ ನೋಡಿದ್ರಿ” ಅಂದೆ.

“ಛಲೋ ಆತು” ಎಂದರು ಬಾಯಾರು. ಅವತ್ತು ಅವರು ಅವ್ವನ ಬಗ್ಗೆ ಕೇಳಲಿಲ್ಲ. ಆಮೇಲಿನ ಭಾನುವಾರಗಳಲ್ಲಿ ಮತ್ತೆ ಕೇಳಿದರು, ನಾನು ಮತ್ತೆ ಆರಾಮ ಅದಾಳ್ರಿ ಎಂದೆ. ಒಂದು ಭಾನುವಾರ ಅವರ ನಂಬರಿನಿಂದಲೇ ಕರೆ ಬಂತು, ದನಿ ಅವರ ತಂಗಿಯದು. ಬೆಳಿಗ್ಗೆ ಚಹಾ ಕುಡಿದವರು ಲೋಟ ಕೆಳಗಿಡುವ ಮೊದಲೇ ಹೋಗಿಬಿಟ್ಟಿದ್ದರು.

ಮಗುವನ್ನು ತಮ್ಮನ ಹೆಂಡತಿಯ ಕೈಗೆ ಕೊಟ್ಟು, ಗಂಗಾವತಿ ಬಸ್ಸು ಹಿಡಿದು ಮಣ್ಣಿಗೆ ಹೋದೆವು. ಕೌದಿಗೆ ಇನ್ನೂ ನಾಲ್ಕು ಗೇಣು ಹೊಲಿಗೆ ಬಾಕಿಯಿತ್ತು, ಅವ್ವ ಅದನ್ನು ತರಲಿಲ್ಲ. ಬಾಯಾರನ್ನು ಪಡಸಾಲೆಯಲ್ಲಿ ಮಲಗಿಸಿದ್ದರು. ಹೆಂಗಸರು ಜಾಗ ಬಿಟ್ಟರು. ಅವ್ವ ಪಕ್ಕದಲ್ಲಿ ಕೂತು, ಮೈಮೇಲಿನ ಬಿಳಿ ಬಟ್ಟೆ ಸರಿಸಿ, ಬಾಯಾರ ಬಲಗೈಯನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡಳು. ಹೆಬ್ಬೆರಳು ಕೆಳಗೆ ಕೊಟ್ಟು ತೋರುಬೆರಳನ್ನು ಮೊಳಕೈಯ ಒಳಮಡಿಕೆಯಲ್ಲಿ ಇಟ್ಟಳು. ಕಣ್ಣು ಮುಚ್ಚಿದಳು. ಸುತ್ತ ಅಳುತ್ತಿದ್ದವರು ಒಬ್ಬೊಬ್ಬರಾಗಿ ಅಳು ನಿಲ್ಲಿಸಿ ಅವಳನ್ನು ನೋಡಿದರು.

“ಬಾಯಾರ, ನಾನು ಬಂದೀನ್ರಿ” ಅಂದಳು. ಅಷ್ಟೂ ವರ್ಷಗಳಲ್ಲಿ ಅವಳು ಅವರಿಗೆ ಆಡಿದ ಮೊದಲ ಮಾತು ಅದು.

ನಾನು ಅವರಿಗೆ ಸುಳ್ಳು ಹೇಳಿದೆ. ಅವರು ನನ್ನ ಕೈ ಉಳಿಸಿದರು, ಬದುಕಿಗೆ ಒಂದು ಕೆಲಸ ಕೊಟ್ಟರು. ಅವರು ಬಯಸಿದ ಒಂದೇ ಮಾತು ನನ್ನ ನಾಲಗೆಯ ಮೇಲೆ ಇದ್ದಾಗ ನಾನು ಅದನ್ನು ಕೊಡಲಿಲ್ಲ. ಅವ್ವನ ಮಾತು ಮೀರಬಾರದೆಂದು ಹಾಗೆ ಮಾಡಿದೆ ಎಂದು ಹೇಳಿಕೊಳ್ಳುತ್ತೇನೆ. ಸಮಾಧಾನ ಆಗುವುದಿಲ್ಲ. ಲ್ಯಾಬಿನಲ್ಲಿ ಈಗಲೂ ದಿನಾ ಹತ್ತಾರು ಕೈ ನನ್ನ ಮುಂದೆ ಚಾಚುತ್ತವೆ. ಮುಟ್ಟಿ, ಕಾಯ್ದು, ಆಮೇಲೆ ಕಟ್ಟುತ್ತೇನೆ. “ಭಾಳ ಹೊತ್ತು ಮಾಡ್ತೀರಿ ಅಕ್ಕಾರ” ಎಂದು ಜನ ಗೊಣಗುತ್ತಾರೆ.

ವಾಪಸು ಬರುವಾಗ ಬಸ್ಸಿನಲ್ಲಿ ಅವ್ವ ಕಿಟಕಿಯ ಪಕ್ಕ ಕೂತಿದ್ದಳು. ಕಾಲುವೆಯ ಭತ್ತದ ಗದ್ದೆಗಳು ಮುಗಿದು ಒಣ ಹೊಲಗಳು ಶುರುವಾದವು. ಆಮೇಲೆ ತನ್ನ ತೋರುಬೆರಳನ್ನು ಸೆರಗಿಗೆ ಮೆಲ್ಲಗೆ ಒರೆಸಿಕೊಂಡು, ನನ್ನ ಕಡೆ ತಿರುಗದೆ ಹೇಳಿದಳು.

“ಭಾಳ ಹೊತ್ತು ಹಿಡಿದು ಕುಂತಿದ್ದೆ. ಏನೂ ಬಡೀಲಿಲ್ಲವ್ವ.”